ನಾಲ್ಕನೆಯ ಹೆಸರು

ರೇಡಿಯೋದಲ್ಲಿ ‘ಮತ್ತು ಸಂಗಡಿಗರು’ ಎಂದು ಕೇಳಿಬಂದರೆ ನಮ್ಮ ಅಕ್ಕೋರು ಎದ್ದು ಹೋಗಿ ಅದನ್ನು ಬಂದ್ ಮಾಡುತ್ತಿದ್ದರು. ಹಾಡು ಎಷ್ಟೇ ಚೆನ್ನಾಗಿರಲಿ, ಹಾಡಿದವರು ಎಷ್ಟೇ ದೊಡ್ಡವರಿರಲಿ, ಆ ಎರಡು ಶಬ್ದ ಬಿದ್ದ ಮೇಲೆ ಅವರ ಪಾಲಿಗೆ ಕಾರ್ಯಕ್ರಮ ಮುಗಿಯಿತು. ಹುಡುಗಿಯಾಗಿದ್ದಾಗ ಅವರೂ ಒಮ್ಮೆ ರೇಡಿಯೋದಲ್ಲಿ ಹಾಡಿದ್ದರು. ಮನೆಯವರೆಲ್ಲ ಪೆಟ್ಟಿಗೆಯ ಮುಂದೆ ಕೂತು ಕಾದರಂತೆ. ಮುಖ್ಯ ಗಾಯಕಿಯ ಹೆಸರು ಹೇಳಿ, ‘ಮತ್ತು ಸಂಗಡಿಗರು’ ಎಂದು ಮುಗಿಸಿಬಿಟ್ಟರು. “ಆ ಸಂಗಡಿಗರಾಗ ನಾನೂ ಒಬ್ಬಾಕಿ ಇದ್ದೆ. ನಮ್ಮವ್ವ ‘ನಿನ್ನ ದನಿ ಯಾವುದ ಅದರಾಗ’ ಅಂತ ಕೇಳಿದ್ಲು. ಏನಂತ ತೋರಿಸ್ಲಿ?” ಎಂದು ನಗುತ್ತಿದ್ದರು. ನಕ್ಕರೂ ಅದು ನಗುವಂಥ ಮಾತಲ್ಲ ಎಂದು ನಮಗೆ ತಿಳಿಯುತ್ತಿತ್ತು.

ಅವರು ಹಾಡಿನ ಟೀಚರ್ ಅಲ್ಲ. ಹಾವೇರಿಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ; ಹುಡುಗಿಯೊಬ್ಬಳಿಗೆ ನೌಕರಿ ಸಿಗಬೇಕಾದರೆ ಟೈಪಿಂಗ್ ಬರಬೇಕು ಎಂದು ಎಲ್ಲರೂ ನಂಬಿದ್ದ ಕಾಲ. ಅಣ್ಣನ ಮನೆಯ ಮುಂದಿನ ಉದ್ದನೆಯ ಕೋಣೆಯಲ್ಲಿ ಹತ್ತು ಮಷಿನ್ನು, ಗೋಡೆಗೊಂದು ಗಡಿಯಾರ, ಅಕ್ಕೋರ ತುರುಬಿಗೊಂದು ಪೆನ್ಸಿಲ್. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಊರಿನವರಿಗೆ ಇತ್ತು, ಅವರು ಬೇರೆಯವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ಅವರು ಟೈಪಿಂಗ್ ಕಲಿಸುತ್ತಿದ್ದದ್ದು ತಾಳ ಹಾಕಿ. ಮರದ ಸ್ಕೇಲಿನಿಂದ ಮೇಜಿನ ಮೇಲೆ ನಾಲ್ಕು ಪೆಟ್ಟು, ಐದನೆಯದಕ್ಕೆ ಹೆಬ್ಬೆರಳಿನಿಂದ ಖಾಲಿ ಜಾಗ ಒತ್ತಬೇಕು. ಯಾರೊಬ್ಬರು ತಾಳ ತಪ್ಪಿದರೂ ಹತ್ತು ಮಷಿನ್ನಿನ ಸದ್ದಿನ ನಡುವೆ ಅವರಿಗೆ ಗೊತ್ತಾಗುತ್ತಿತ್ತು. “ಯಾರದೋ ಉಂಗುರದ ಬಟ್ಟು ಮಲಗೇತಿ,” ಎಂದು ಕೂತಲ್ಲಿಂದಲೇ ಹೇಳುವರು. ಅದು ಯಾವಾಗಲೂ ನನ್ನದೇ. ಇನ್ನೊಂದು ನಿಯಮ: ಅವರ ಕೋಣೆಗೆ ವೈಟ್ನರ್ ಬಾಟಲಿ ಬರುವಂತಿರಲಿಲ್ಲ. ಒಂದು ಅಕ್ಷರ ತಪ್ಪಿದರೂ ಹಾಳೆ ತೆಗೆದು ಹೊಸದು ಹಾಕಬೇಕು. “ಮ್ಯಾಲೆ ಸುಣ್ಣಾ ಬಳದ್ರ ಕೆಳಗಿಂದು ಹೋಗ್ತದೇನು?” ಎಂದರೆ ಮಾತು ಮುಗಿಯಿತು.

ನಮ್ಮದೇ ಹಾಡುಗಳ ಕ್ಯಾಸೆಟ್ ಮಾಡುವ ವಿಚಾರ ಹುಟ್ಟಿದ್ದೂ ಅದೇ ಕೋಣೆಯಲ್ಲಿ. ಆಗೆಲ್ಲ ಹಿಂದಿ ಪಾಪ್ ಹಾಡುಗಳ ಹುಚ್ಚು. ಅಕ್ಕೋರು ಒಳಗೆ ಹೋದಾಗ ನಾವು ನಾಲ್ವರು ಮಷಿನ್ನನ್ನೇ ಡೋಲು ಮಾಡಿಕೊಂಡು ಹಾಡುತ್ತಿದ್ದೆವು. ಅಗಡಿಯಿಂದ ಬಸ್ಸಿಗೆ ಬರುತ್ತಿದ್ದ ಸುಮಾ ಮತ್ತು ಗಿರಿಜಾ, ನಮ್ಮ ಓಣಿಯ ಶಕುಂತಲಾ, ನಾನು. ಒಂದು ದಿನ ಬಾಗಿಲಲ್ಲಿ ಅಕ್ಕೋರು ನಿಂತೇ ಇದ್ದರು. ಬೈಗಳಿಗೆ ತಲೆ ತಗ್ಗಿಸಿದೆವು.

“ದನಿ ಚಲೋ ಅದಾವು. ಇದನ್ನ ನಮ್ಮ ಮಾತಿನಾಗ ಹಾಡಿದ್ರ ನಾಲಿಗಿ ಏನ್ ಸವೀತದೇನು?” ಎಂದರು.

“ನಮ್ಮ ಮಾತಿನಾಗ ಇಂಥಾವು ಎಲ್ಲಿ ಅದಾವ್ರಿ?” ಎಂದಳು ಶಕುಂತಲಾ.

“ಇಲ್ಲಂದ್ರ ಮಾಡೂದು.”

ಹಾಗೆ ಎಂಟು ಹಾಡಾದವು. ಬರೆದವರು ಅಕ್ಕೋರು, ಬರೆದರು ಎಂದರೆ ಟೈಪ್ ಮಾಡಿದರು. ಬಸ್ ಪಾಸಿನ ಮೇಲೊಂದು, ಟೈಪಿಂಗ್ ಪರೀಕ್ಷೆಯ ಮೇಲೊಂದು, ಕನ್ನಡಿ ಮುಂದೆ ನಿಂತವಳ ಮೇಲೊಂದು. ನಾಲ್ಕನೆಯದು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ಹುಡುಗಿಯ ಹಾಡು. ‘ಕಿಟಕಿ ಸೀಟು ನಂದು, ಇವತ್ತೊಂದಿನ ನಂದು’ ಎಂದು ದನಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲಬೇಕು. ಅಷ್ಟು ಮೇಲಕ್ಕೆ ಹೋಗಿ ನಿಲ್ಲುತ್ತಿದ್ದದ್ದು ನನ್ನ ದನಿಯೊಂದೇ. ಹಾಗಾಗಿ ಆ ಹಾಡು ನನ್ನೊಬ್ಬಳದಾಯಿತು. ಕ್ಯಾಸೆಟ್ಟಿಗೂ ‘ಕಿಟಕಿ ಸೀಟು’ ಎಂದೇ ಹೆಸರಾಯಿತು. ತಂಡಕ್ಕೆ ಅಬ್ಬಲಿ ಎಂದು ಹೆಸರಿಟ್ಟವಳು ಗಿರಿಜಾ. ಅವಳ ಜಡೆಯಲ್ಲಿ ಆ ಹೂವಿಲ್ಲದ ದಿನವೇ ಇರಲಿಲ್ಲ.

ರೆಕಾರ್ಡಿಂಗ್ ರಾಣೇಬೆನ್ನೂರಿನಲ್ಲಿ. ಮದುವೆ ಮನೆಗಳಿಗೆ ಮೈಕು ಬಾಡಿಗೆ ಕೊಡುವವರೊಬ್ಬರು ತಮ್ಮ ಅಂಗಡಿಯ ಮೇಲಿನ ಕೋಣೆಯ ಗೋಡೆಗಳಿಗೆ ಅರಳೆಯ ಗಾದಿಗಳನ್ನು ನಿಲ್ಲಿಸಿ ಅದನ್ನು ಸ್ಟುಡಿಯೋ ಎನ್ನುತ್ತಿದ್ದರು. ಫ್ಯಾನು ಹಾಕುವಂತಿಲ್ಲ, ಸದ್ದು ಬರುತ್ತದೆ. ಕೆಳಗೆ ಲಾರಿ ಹೋದರೆ ಮತ್ತೆ ಮೊದಲಿನಿಂದ. ಮೂರು ದಿನ ಬೆವರಿನಲ್ಲಿ ತೊಯ್ದು ಹಾಡಿದೆವು. ಅಕ್ಕೋರು ಹೊಸ ಹಾಳೆಯ ನಿಯಮವನ್ನು ಅಲ್ಲಿಗೂ ತಂದಿದ್ದರು. ಒಂದು ಕಡೆ ತಪ್ಪಿದರೆ ಇಡೀ ಹಾಡು ಮತ್ತೆ. ಮೈಕಿನವರು, “ಅಕ್ಕೋರ, ಅಷ್ಟ ಕತ್ತರಿಸಿ ಜೋಡಸ್ತೀನಲ್ರಿ,” ಎಂದು ಅಂಗಲಾಚಿದರೂ ಕೇಳಲಿಲ್ಲ. ನನ್ನ ಹಾಡು ಒಂಬತ್ತನೆಯ ಸಲಕ್ಕೆ ಸರಿಹೋಯಿತು. ಅಕ್ಕೋರು ತುರುಬಿನ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಒಂದು ಗೆರೆ ಎಳೆದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ, ಕಂಡದ್ದನ್ನು ಅವರೂ ಕಂಡರು.

ಡಬ್ಬಿಯ ಮೇಲೆ ನಮ್ಮ ಫೋಟೋ ಹಾಕುವ ಮಾತು ಬಂದಾಗ ನಾಲ್ಕೂ ಮನೆಯವರು ಒಂದೇ ದನಿಯಲ್ಲಿ ಬೇಡ ಎಂದರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಮನೆ ಹುಡುಗಿಯರ ಮುಖ ತೂಗಾಡುವುದೇ! ಅಕ್ಕೋರು ಅದಕ್ಕೆ ಒಪ್ಪಿದರು. “ಮಾರಿ ಬ್ಯಾಡಂದ್ರ ಬಿಡ್ರಿ. ಹೆಸರು ಮಾತ್ರ ನಾ ಬಿಡೂದಿಲ್ಲ.” ಬಸ್ಸಿನ ಕಿಟಕಿಯ ಚಿತ್ರ, ಅದರ ಕೆಳಗೆ ನಾಲ್ಕು ಹೆಸರು, ಯಾವ ಹಾಡು ಯಾರದು ಎಂದು ಹಿಂದೆ ಪಟ್ಟಿ. ಪ್ರೆಸ್ಸಿನವರು ‘ಕನ್ನಡದಲ್ಲಿ ಮೊದಲ ಹುಡುಗಿಯರ ಪಾಪ್ ತಂಡ’ ಎಂದು ತಾವಾಗಿಯೇ ಸೇರಿಸಿದ್ದನ್ನು, “ಮೊದಲನೇದೋ ಏನೋ ನಮಗೇನ್ ಗೊತ್ತದ?” ಎಂದು ಹೊಡೆದು ಹಾಕಿಸಿದರು. ಪ್ರಚಾರದ ಮೊದಲ ಅವಕಾಶವನ್ನು ಅವರು ಕಳೆದದ್ದು ಹೀಗೆ. ಡಬ್ಬಿಯೊಳಗೆ ಇಡುವ ಐನೂರು ಚೀಟಿ ಅಚ್ಚಾಗಿ ಬಂದವು. ನನ್ನ ಹೆಸರು, ರತ್ನಾ ಎಂದು, ನಾಲ್ಕನೆಯದು. ಅಚ್ಚಿನಲ್ಲಿ ನನ್ನ ಹೆಸರನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಸಲ ಮುಟ್ಟಿ ನೋಡಿದೆ ಎಂದು ಹೇಳಿದರೆ ನಗುತ್ತೀರಿ.

ಅದೇ ವಾರ ನನಗೊಂದು ಸಂಬಂಧ ಬಂತು. ಹುಡುಗ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಹೊಳೆ ದಂಡೆಯ ಊರು, ಒಳ್ಳೆಯ ಮನೆತನ. ಅವರು ಕ್ಯಾಸೆಟ್ಟಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಆದರೆ ಗೊತ್ತಾದರೆ ಏನಂದಾರು ಎಂಬುದನ್ನು ನಮ್ಮಪ್ಪ ತಾವೇ ಯೋಚಿಸಿ, ತಾವೇ ಹೆದರಿ, ನನ್ನನ್ನು ಕರೆದುಕೊಂಡು ಕ್ಲಾಸಿಗೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

“ಅಕ್ಕೋರ, ದನಿ ಇರ್ಲಿ. ಹೆಸರೊಂದು ತಗೀರಿ. ಮಾತುಕತಿ ನಡದೈತಿ, ತಪ್ಪು ತಿಳೀಬ್ಯಾಡ್ರಿ.”

ಅಕ್ಕೋರು ನನ್ನ ಕಡೆ ತಿರುಗಿದರು. “ನೀ ಏನಂತೀ ರತ್ನಾ?”

ಎದುರಿಗಿದ್ದ ಮಷಿನ್ನಿನ ಕೀಲಿಗಳನ್ನು ನೋಡುತ್ತ ನಿಂತೆ. ಬೇಡ ಎಂದು ಅಪ್ಪ ನನ್ನನ್ನು ಹೊಡೆದಿರಲಿಲ್ಲ, ಬೈದೂ ಇರಲಿಲ್ಲ. ನನಗೂ ಆ ಮದುವೆ ಬೇಕಿತ್ತು. “ತಗೀರಿ,” ಎಂದೆ.

“ಆತು. ಆಕಿ ಹೆಸರು ಆಕೀದು. ಇಡೂದೂ ಆಕೀದ, ಬಿಡೂದೂ ಆಕೀದ,” ಎಂದರು ಅಕ್ಕೋರು.

ಪ್ರೆಸ್ಸಿನವರು ಸುಲಭದ ದಾರಿ ಹೇಳಿದರು: ಮೂರು ಹೆಸರಿನ ಮುಂದೆ ‘ಮತ್ತು ಸಂಗಡಿಗರು’ ಎಂದು ಒಂದು ಮುದ್ರೆ ಒತ್ತಿಬಿಡೋಣ. ಅದನ್ನು ಕೇಳಿ ಅಕ್ಕೋರ ಮುಖ ಹೇಗಾಗಿರಬೇಕು ಎಂದು ಹೇಳುವುದೇ ಬೇಡ. ಮರುದಿನ ನಾನು ಹೋದಾಗ ಅವರು ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು, ಜೀವನದಲ್ಲಿ ಮೊದಲ ಸಲ ಕೊಂಡ ವೈಟ್ನರ್ ಬಾಟಲಿಯ ಕುಂಚದಿಂದ ಒಂದೊಂದರ ಮೇಲೂ ನನ್ನ ಹೆಸರು ಮುಚ್ಚುತ್ತ ಕೂತಿದ್ದರು. ಮುಂದೆ ಒಂದು ಕಡೆ, ಹಿಂದಿನ ಪಟ್ಟಿಯಲ್ಲಿ ಒಂದು ಕಡೆ. ನಾನು ಪಕ್ಕದಲ್ಲಿ ಕೂತು ಇನ್ನೊಂದು ಕುಂಚಕ್ಕೆ ಕೈಹಾಕಿದೆ. ಕೈ ತಡೆದರು.

“ನೀ ಮಾಡಬ್ಯಾಡ. ತನ್ನ ಹೆಸರು ತಾನ ಅಳಸಬಾರದವ್ವ.”

ಎರಡು ಮಧ್ಯಾಹ್ನ ಹಿಡಿಯಿತು. ನಾನು ಒಣಗಿದ ಚೀಟಿಗಳನ್ನು ಜೋಡಿಸಿ ಕೊಟ್ಟೆ. ಅವರು ಸಿಟ್ಟಿನಲ್ಲಿದ್ದಾರೋ ದುಃಖದಲ್ಲಿದ್ದಾರೋ ತಿಳಿಯಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಪ್ರಚಾರ ಎಂದರೆ ಒಂದು ಆಟೋ, ಅದರ ನೆತ್ತಿಗೆ ಕಟ್ಟಿದ ಹಾರ್ನು, ಒಳಗೊಂದು ಬ್ಯಾಟರಿ, ಟೇಪ್ ರೆಕಾರ್ಡರು, ಅಕ್ಕೋರ ಕೈಯಲ್ಲಿ ಮೈಕು. ಮೊದಲು ಹಾವೇರಿ. ಏಲಕ್ಕಿ ಹಾರ ಕಟ್ಟುವವರ ಓಣಿಯಿಂದ ಹಿಡಿದು ಬಸ್ ನಿಲ್ದಾಣದವರೆಗೆ ಸುತ್ತಿದೆವು. ಕಾಗಿನೆಲೆಗೆ ಹೊರಟು ನಿಂತ ಬಸ್ಸಿನ ಕಿಟಕಿಗಳಿಗೂ ಒಂದು ಹಾಡು ಕೇಳಿಸಿದರು. ಅಕ್ಕೋರು ಹೆಸರು ಹೇಳುವ ರೀತಿ ಒಂದಿತ್ತು. “ಹಾಡಿದವರು ಸುಮಾ, ಗಿರಿಜಾ, ಶಕುಂತಲಾ…” ಎಂದು ಹೇಳಿ, ಇನ್ನೊಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ನಂತರ “ಈ ನಾಲ್ಕು ಮಂದಿ” ಎನ್ನುವರು. ಜನ ಬೆರಳು ಮಡಚಿ ಎಣಿಸುತ್ತಿದ್ದರು. ಹಾರ ಕಟ್ಟುವ ಅಜ್ಜಿಯೊಬ್ಬಳು ಚೀಟಿಯ ಬಿಳಿ ಜಾಗವನ್ನು ಉಗುರಿನಿಂದ ಕೆರೆದು, “ನಾಲ್ಕನೇದಾಕಿ ಯಾರವ್ವ, ಓಡಿ ಹೋಗ್ಯಾಳೇನು?” ಎಂದು ಕೇಳಿದಳು. ನಾನು ಆಟೋದ ಪರದೆಯ ಹಿಂದೆ ಕೂತು ಕ್ಯಾಸೆಟ್ ತಿರುಗಿಸುತ್ತಿದ್ದೆ. ಹಾಡುವವಳಲ್ಲ, ಯಂತ್ರ ನೋಡಿಕೊಳ್ಳುವವಳು. ಅದಕ್ಕೆ ಅಪ್ಪನ ಅಡ್ಡಿಯಿರಲಿಲ್ಲ.

ಆಮೇಲೆ ಬ್ಯಾಡಗಿ. ಪೇಟೆಯ ದಿನ ಸುತ್ತಮುತ್ತಲಿನ ಜನವೆಲ್ಲ ಅಲ್ಲಿರುತ್ತಾರೆ, ಅಲ್ಲಿ ಹಾಡಿದರೆ ಎಲ್ಲ ಊರಿಗೂ ತಲುಪುತ್ತದೆ ಎಂದು ಅಕ್ಕೋರ ಲೆಕ್ಕ. ಲೆಕ್ಕ ಸರಿಯೇ ಇತ್ತು. ಅಲ್ಲಿ ಮಾರುವುದು ಮೆಣಸಿನಕಾಯಿ ಎಂಬುದೊಂದು ಮರೆತಿತ್ತು. ಹಾವೇರಿಯ ನಾವೇ ಇದನ್ನು ಮರೆತೆವು ಎಂದರೆ ಯಾರೂ ನಂಬುವುದಿಲ್ಲ. ಟೇಪ್ ಹಚ್ಚಿ ಬಾಯಿ ಆಡಿಸುವುದು ಮೋಸ ಎಂದು ಅಕ್ಕೋರ ಹಟ, ನಿಂತು ಹಾಡಲೇಬೇಕು. ನಾನು ಮುಂದೆ ಬರುವಂತಿಲ್ಲವಾದ್ದರಿಂದ ನಾಲ್ಕನೆಯ ಹಾಡನ್ನು ಸ್ವಲ್ಪ ಕೆಳಗಿಳಿಸಿಕೊಂಡು ತಾವೇ ಹಾಡುವುದೆಂದು ತೀರ್ಮಾನಿಸಿದ್ದರು.

ಮೂರು ಹಾಡು ಹೇಗೋ ಆದವು. ಮೂವರೂ ಹಸಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಸಾಲಿನ ಕೊನೆಯಲ್ಲಿ ಒಬ್ಬರಾದ ಮೇಲೊಬ್ಬರು ಸೀನುತ್ತ ಹಾಡಿದರು. ಹಮಾಲರಿಗೆ ಘಾಟು ಏನೂ ಅಲ್ಲ. ಅವರು ಚೀಲಗಳ ಮೇಲೆ ಹತ್ತಿ ಕೂತು, “ಅಕ್ಕೋರ, ಹಾಡು ಕೇಳಿ ಅಳಬೇಕಾದವ್ರು ನಾವು, ನೀವ ಅಳಾಕತ್ತೀರಲ್ರಿ!” ಎಂದು ಕೂಗಿ ಹುರಿದುಂಬಿಸಿದರು. ನಾಲ್ಕನೆಯ ಹಾಡಿಗೆ ಅಕ್ಕೋರು ಮೈಕು ಹಿಡಿದರು. ಮೇಲಕ್ಕೆ ಹೋಗುವ ಸಾಲಿಗೆ ಎದೆ ತುಂಬ ಉಸಿರೆಳೆದುಕೊಂಡರು. ಅದೇ ಹೊತ್ತಿಗೆ ಹತ್ತಿರದಲ್ಲಿ ಯಾರೋ ಚೀಲ ಸುರಿದರು. ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡು ಬಗ್ಗಿಬಿಟ್ಟರು. ಕೆಮ್ಮು ನಿಲ್ಲಲೊಲ್ಲದು. ನಾಲ್ಕೂ ಕಡೆ ನಗೆ ಎದ್ದಿತು.

ಪರದೆಯ ಹಿಂದಿನಿಂದ ನನಗೆ ಅದನ್ನು ನೋಡಲಾಗಲಿಲ್ಲ. ಟೇಪು ಆ ಹಾಡಿಗೇ ಬಂದು ನಿಂತಿತ್ತು, ಬಟನ್ ಒತ್ತಿದೆ. ಹಾರ್ನಿನಿಂದ ನನ್ನ ದನಿ ಎದ್ದು ಮೆಣಸಿನಕಾಯಿಯ ರಾಶಿಗಳ ಮೇಲೆಲ್ಲ ಹೋಯಿತು. ಅಕ್ಕೋರು ಮೈಕು ಬಾಯಿಯ ಹತ್ತಿರ ಹಿಡಿದು, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ನಿಂತೇ ಇದ್ದರು. ನಗುತ್ತಿದ್ದವರು ಸುಮ್ಮನಾದರು. ಹಾಡು ಮುಗಿದಾಗ ಬಿದ್ದ ಚಪ್ಪಾಳೆಯನ್ನು ನಾನು ಎಂದೂ ಮರೆತಿಲ್ಲ. ಅದು ನನಗೆ ಬಿದ್ದದ್ದು, ಆದರೆ ಜನ ನೋಡುತ್ತಿದ್ದದ್ದು ಅಕ್ಕೋರನ್ನು. “ಘಾಟಿನಾಗೂ ಎಂಥಾ ದನಿ ತಗದ್ರು ನೋಡೋ!” ಎಂದು ಒಬ್ಬ ಹಮಾಲ ತಲೆಯ ರುಮಾಲು ಬಿಚ್ಚಿ ಬೀಸಿದ.

ಆಟೋಕ್ಕೆ ಬಂದ ಅಕ್ಕೋರ ಕಣ್ಣು ಕೆಂಪಾಗಿದ್ದವು.

“ಯಾಕ ಹಚ್ಚಿದಿ?”

“ನಿಮ್ಮ ಮರ್ಯಾದಿ ಹೋಗ್ತಿತ್ತಲ್ರಿ.”

“ಹೋಗ್ತಿದ್ರ ಹೋಗ್ತಿತ್ತು, ನಂದ ಹೋಗ್ತಿತ್ತು. ಈಗ ನೋಡು, ನಿಂದು ತಗೊಂಡು ನನ್ನ ಉಡ್ಯಾಗ ಹಾಕಿದಿ. ಇದನ್ನ ನಾ ಯಾರಿಗೆ ತಿರುಗಿ ಕೊಡ್ಲಿ?”

ಮರುವಾರ ರಾಣೇಬೆನ್ನೂರಿಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಅಂಗಡಿಗಳಲ್ಲಿ ಜನ ‘ಅಕ್ಕೋರು ಹಾಡಿದ ಕ್ಯಾಸೆಟ್’ ಕೊಡಿ ಎಂದು ಕೇಳುತ್ತಿದ್ದರು. ಬಿಳಿ ಜಾಗದ ಒಗಟು ಬಿಡಿಸಿದಂತಾಯಿತೆಂದು ಎಲ್ಲರಿಗೂ ಖುಷಿ. ಅಕ್ಕೋರು ಮೈಕಿನಲ್ಲೇ, “ಆ ಹಾಡು ನಂದಲ್ಲ” ಎಂದರು. ಎಂಥ ವಿನಯ ಎಂದು ಜನ ಇನ್ನಷ್ಟು ಮೆಚ್ಚಿದರು. ಐನೂರೂ ಖಾಲಿಯಾದವು. ಆಮೇಲೆ ರೆಕಾರ್ಡಿಂಗ್ ಅಂಗಡಿಯವರು ಅದನ್ನೇ ನಕಲು ಮಾಡಿ ಚೀಟಿಯಿಲ್ಲದ ಡಬ್ಬಿಗಳಲ್ಲಿ ಹಂಚಿದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಅಬ್ಬಲಿ ತಂಡಕ್ಕೆ ಎರಡನೆಯ ಕ್ಯಾಸೆಟ್ ಆಗಲಿಲ್ಲ. ಒಬ್ಬೊಬ್ಬರದಾಗಿ ಮದುವೆಯಾದವು, ಮೊದಲು ನನ್ನದೇ.

ಹೆಣ್ಣು ನೋಡಲು ಬಂದ ದಿನ ಅತ್ತೆ ಮೊದಲು ಕೇಳಿದ ಮಾತು, “ಹಾಡಾಕ ಬರ್ತದೇನವ್ವ?” ಎಂಬುದು. ಅಪ್ಪ ನನ್ನತ್ತ ನೋಡಿದರು. “ಇಲ್ಲರಿ,” ಎಂದೆ. ಅತ್ತೆ ಪಾಪ, “ಇರ್ಲಿ ಬಿಡು” ಎಂದರು.

ಕುಮಾರಪಟ್ಟಣದ ಮನೆಗೆ ಹೋಗಿ ಆರು ತಿಂಗಳಿಗೆ ನನ್ನ ದನಿಯೂ ಹಿಂಬಾಲಿಸಿ ಬಂತು. ರಾಣೇಬೆನ್ನೂರಿಗೆ ಹೋದ ಮೈದುನ ನಕಲು ಕ್ಯಾಸೆಟ್ಟೊಂದನ್ನು ತಂದಿದ್ದ. ಅತ್ತೆಗೆ ಅದು ಬಹಳ ಹಿಡಿಸಿತು. ಜೋಳ ಹಸನು ಮಾಡುವಾಗ ಹಚ್ಚಿಕೊಂಡು ಕೂಡುವರು. ನಾಲ್ಕನೆಯ ಹಾಡು ಬಂದರೆ ಮೊರ ನಿಲ್ಲಿಸಿ ಕೇಳುವರು. “ಹಾವೇರಿ ಟೈಪಿಂಗ್ ಅಕ್ಕೋರದಂತ ಇದು. ನಿಮ್ಮ ಊರಾಕಿ. ನೀನೂ ಅವರ ಕಡೆ ಕಲ್ತಾಕಿ, ಒಂದೀಟು ಹಾಡು ಕಲ್ಕೋಬಾರದಾಗಿತ್ತೇನು?” ನಾನು ರೊಟ್ಟಿ ಬಡಿಯುತ್ತ, “ನನಗೆಲ್ಲಿ ಬರ್ತದರಿ,” ಎನ್ನುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಆ ಹಾಡು ಶುರುವಾದರೆ ಹಿತ್ತಲಿಗೆ ಹೋಗತೊಡಗಿದೆ. ಸುಳ್ಳು ಹೇಳಿ ಮದುವೆಯಾದವಳು ಎಂದಾರು ಎಂಬ ಭಯ ಬೇರೆ ಸೇರಿಕೊಂಡಿತ್ತು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ಮದುವೆಯಾಗಿ ಐದು ವರ್ಷ ದಾಟಿದ ಮೇಲೆ ಹುಟ್ಟಿದ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅಕ್ಕೋರು ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಮೈ ಇಳಿದಿತ್ತು, ಮಾತಿನ ನಡುವೆ ಉಸಿರು ಹಿಡಿಯುತ್ತಿತ್ತು. ಕೂಸಿನ ತಲೆಗೆ ಕಟ್ಟಲು ತಾವೇ ಹೊಲಿದ ಕುಂಚಿಗೆ ತಂದಿದ್ದರು. ಹೆಂಗಸರೆಲ್ಲ ಜೋಗುಳ ಹೇಳಿ ಮುಗಿಸಿದ ಮೇಲೆ ಅತ್ತೆ ಅಕ್ಕೋರ ಕೈ ಹಿಡಿದರು.

“ಅಕ್ಕೋರ, ನೀವು ಆ ಕಿಟಕಿ ಸೀಟಿಂದು ಹಾಡಬೇಕ್ರಿ. ನಿಮ್ಮ ದನಿ ಕೇಳಲಾರ್ದ ದಿನಾನ ಇಲ್ಲ ನಮ್ಮ ಮನ್ಯಾಗ.”

“ಅದು ನಂದಲ್ಲರಿ ಯವ್ವಾ.”

“ಬ್ಯಾಡಗಿಯಾಗ ಸಾವಿರ ಮಂದಿ ಮುಂದ ಹಾಡೀರಂತಲ್ಲ!”

“ಅದೂ ನಾನಲ್ಲ.”

“ಮತ್ತ ಯಾರು?”

“ಹಾಡಿದಾಕಿ ಇದ್ದಾಳ್ರಿ. ಹೇಳಬೇಕನಿಸಿದಾಗ ಆಕೀನ ಹೇಳ್ತಾಳ. ನಾ ಹೇಳಬಾರದು.”

ಅಕ್ಕೋರು ನನ್ನ ಕಡೆ ನೋಡಲಿಲ್ಲ. ತೊಟ್ಟಿಲನ್ನು ನೋಡುತ್ತ ಕೂತರು. ಮೊಣಕಾಲ ಮೇಲೆ ಅವರ ಬೆರಳು ನಾಲ್ಕು ಸಲ ಆಡಿದ್ದನ್ನು, ಆಮೇಲೆ ಹೆಬ್ಬೆರಳು ಒತ್ತಿ ನಿಂತದ್ದನ್ನು ನಾನು ಕಂಡೆ. ಆ ಖಾಲಿ ಜಾಗ ನನಗೆ ಬಿಟ್ಟದ್ದು ಎಂದು ನನಗೆ ಗೊತ್ತಿತ್ತು. ಗಂಡ ಬಾಗಿಲಲ್ಲಿದ್ದರು, ಅತ್ತೆ ಎದುರಿಗಿದ್ದರು, ಓಣಿಯ ಹೆಂಗಸರೆಲ್ಲ ಇದ್ದರು. “ಚಾ ಆಗೇತೇನು ನೋಡ್ತೀನಿ,” ಎಂದು ಎದ್ದೆ. ಒಲೆಯ ಮೇಲೆ ಚಹಾ ಇಟ್ಟೇ ಇರಲಿಲ್ಲ. ನಾನು ತಿರುಗಿ ಬರುವಷ್ಟರಲ್ಲಿ ಅಕ್ಕೋರು ಸಣ್ಣ ದನಿಯಲ್ಲಿ ಯಾವುದೋ ಹಳೆಯ ಜೋಗುಳ ಹೇಳುತ್ತಿದ್ದರು. ದನಿ ಒಡೆದಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಸ್ಸಿಗೆ ಬಿಡಲು ಹೋದಾಗ ಅವರು ಅದರ ಮಾತೇ ತೆಗೆಯಲಿಲ್ಲ.

“ಮಗಳಿಗೆ ಹಾಡ್ತೀಯೇನು?” ಎಂದರು.

“ಇಲ್ಲರಿ.”

“ಹಾಡವ್ವ. ಬಾಗಲಾ ಹಾಕ್ಕೊಂಡಾದ್ರೂ ಹಾಡು.”

ಅಷ್ಟೇ. ಐದು ತಿಂಗಳಿಗೆ ಶಕುಂತಲಾ ಕಾರ್ಖಾನೆಗೆ ಫೋನ್ ಮಾಡಿ ನನ್ನ ಗಂಡನ ಕಡೆ ಅಕ್ಕೋರು ಹೋದ ಸುದ್ದಿ ಹೇಳಿದಳು. ನಾನು ಹಾವೇರಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಕ್ಲಾಸಿನ ಕೋಣೆಯಲ್ಲಿ ಬಂದವರೆಲ್ಲ ಅಕ್ಕೋರ ದನಿಯ ಬಗ್ಗೆ ಮಾತಾಡುತ್ತಿದ್ದರು. ಬ್ಯಾಡಗಿಯ ಕಥೆ ಹೇಳಿ, “ಅಂಥಾ ಘಾಟಿನಾಗ!” ಎಂದು ಕಣ್ಣೊರೆಸಿಕೊಂಡರು. ತಮ್ಮದಲ್ಲ ಎಂದು ಸಾಯುವವರೆಗೂ ಹೇಳಿದವರ ಮೇಲೆಯೇ ಆ ದನಿಯನ್ನು ಹೊರಿಸಿ ಕಳಿಸಿದ್ದೆವು. ಸುಮಾ, ಗಿರಿಜಾ, ಶಕುಂತಲಾ ಮೂವರೂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಮರಳಿ ಬಂದಾಗ ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಟೇಪ್ ಹಚ್ಚಿರಲಿಲ್ಲ, ಸಾವಿನ ಮನೆಯಿಂದ ಬರುವವಳಿಗೆ ನೋವಾದೀತೆಂದು. ನಾನು ಸ್ನಾನ ಮಾಡಿ ಬಂದು ಅವರ ಎದುರು ಕೂತು ಹೇಳಿದೆ. “ಆ ಹಾಡು ನಂದರಿ. ಬ್ಯಾಡಗಿಯಾಗಿನ ದನೀನೂ ನಂದ. ನೋಡಾಕ ಬಂದಾಗ ನಾ ಸುಳ್ಳು ಹೇಳೀನಿ.”

ಅತ್ತೆ ಮೊರ ಕೆಳಗಿಟ್ಟರು. ನನ್ನ ಮುಖ ನೋಡಿದರು. ಬೈಗಳಿಗೆ ಕಾದು ಕೂತೆ. ಆರು ವರ್ಷ ಕಾದದ್ದೂ ಅದಕ್ಕೇ. ಅವರಿಗೆ ಸಿಟ್ಟು ಬರಲಿಲ್ಲ. ಸುಳ್ಳಿನ ಮಾತೂ ಎತ್ತಲಿಲ್ಲ.

“ಹಂಗಾರ ತೊಟ್ಟಿಲ ದಿನಾ,” ಎಂದರು ಮೆಲ್ಲಗೆ, “ಎರಡ ಬಸ್ ಹತ್ತಿ ಇಳದು ಅಕ್ಕೋರು ಬಂದಿದ್ದು ನೀ ಇದನ್ನ ಹೇಳೂದು ಕೇಳಾಕೇನು?”

“ಹೌದರಿ,” ಎಂದೆ.

“ನಾವು ಏನಂತಿದ್ವಿ ನಿನಗ?”

ಏನೂ ಅನ್ನುತ್ತಿರಲಿಲ್ಲ. ಅದು ಅವರ ಮುಖದಲ್ಲೇ ಇತ್ತು.